ಎಣ್ಣೆ ಬಟ್ಟೆ

ಚಿಕ್ಕಮಾದು ಬೆಳಿಗ್ಗೆಯಿಂದ ಮಗಳ ಮುಖ ನೋಡಿರಲಿಲ್ಲ. ಕವಲಂದೆಯಿಂದ ನಂಜನಗೂಡಿಗೆ ಗೂಡ್ಸ್ ಆಟೋದಲ್ಲಿ ಬರುವಾಗಲೂ ಹಿಂದೆ ಸೈಕಲ್ಲು ಹಿಡಿದುಕೊಂಡೇ ಕೂತಿದ್ದ. ಶೃತಿ ಮುಂದೆ ಡ್ರೈವರ್ ಪಕ್ಕ ಕೂತಿದ್ದಳು. ಬಲಗೈ ಪಟ್ಟಿಯಲ್ಲಿ ಕೊರಳಿಗೆ ನೇತಾಡುತ್ತಿತ್ತು.

ರೇಸಿಗೆಂದು ಈ ಸೈಕಲ್ ಕೊಳ್ಳುವಾಗ ನಂಜನಗೂಡಿನ ಸೈಕಲ್ ಅಂಗಡಿಯಲ್ಲೇ ಅಪ್ಪ ಮಗಳಿಗೆ ಜಗಳವಾಗಿತ್ತು. ರಬ್ಬರ್ ತುಂಡು ರಿಮ್ಮನ್ನು ಕಚ್ಚುವ ಹಳೇ ಬ್ರೇಕೇ ಸಾಕು, ಸವೆದರೆ ಯಾವ ಗೂಡಂಗಡಿಯಲ್ಲೂ ಸಿಗುತ್ತದೆ ಎಂದು ಅವನು ಹಟ ಹಿಡಿದ. ಮಳೆಯಲ್ಲಿ ರಿಮ್ ಒದ್ದೆಯಾದರೆ ಅದು ಹಿಡಿಯುವುದಿಲ್ಲ, ಚಕ್ರದ ನಡುವೆ ತಟ್ಟೆಯಿರುವ ಡಿಸ್ಕ್ ಬ್ರೇಕೇ ಬೇಕು ಎಂದು ಅವಳು. ಕೊನೆಗೆ ನಡೆದದ್ದು ಅವಳ ಮಾತೇ. ಆ ಉರಿ ಅವನಿಗೆ ಆರಿರಲಿಲ್ಲ.

ಆಯುಧಪೂಜೆಯ ದಿನ ಮಚ್ಚು, ಕುಡುಗೋಲು, ಗುದ್ದಲಿ ಎಲ್ಲ ತೊಳೆದು, ತುಕ್ಕು ಹಿಡಿಯದಿರಲೆಂದು ಕೊಬ್ಬರಿ ಎಣ್ಣೆ ಬಟ್ಟೆಯಲ್ಲಿ ಒರೆಸಿ, ಅರಿಶಿನ ಕುಂಕುಮವಿಟ್ಟ. ಸಿಟ್ಟಿದ್ದರೂ ಮಗಳ ಸೈಕಲ್ಲನ್ನು ಬಿಡಲು ಮನಸ್ಸು ಬರಲಿಲ್ಲ. ಅದೇ ಬಟ್ಟೆಯಲ್ಲಿ ಡಿಸ್ಕನ್ನೂ ಫಳಫಳ ಹೊಳೆಯುವ ಹಾಗೆ ತಿಕ್ಕಿದ.

ಮಾರನೇ ಬೆಳಿಗ್ಗೆ ಊರ ಮುಂದಿನ ಇಳಿಜಾರಿನಲ್ಲಿ ಬ್ರೇಕ್ ಹಿಡಿಯದೆ ಶೃತಿ ಚರಂಡಿಗೆ ಬಿದ್ದಳು. ಜನ ಸೇರಿದರು. ಅವಳನ್ನು ಎತ್ತಿ ಕೂರಿಸುವ ಮೊದಲೇ ಚಿಕ್ಕಮಾದು ಬಾಯಿ ತೆರೆದ.

"ಬಡ್ಕಂಡೆ ಕಣೇ, ಬ್ಯಾಡ ಅಂತ! ಡಿಸ್ಕ್ ಬೇಕಂತೆ ಡಿಸ್ಕು! ಅಪ್ಪ ಏಳಿದ್ ಕೇಳುದ್ರೆ ಕಿರೀಟ ಬಿದ್ದೋಗದಾ?"

"ಬುಡ್ಲಾ ಮಾದ, ಎಣ್ಮಕ್ಳು ರೇಸ್‌ಗೋದ್ರೆ ಇಂಗೇಯ," ಎಂದ ಪಕ್ಕದ ಅರಳಿಕಟ್ಟೆಯ ಮೇಲೆ ಕೂತಿದ್ದ ನಿಂಗರಾಜು. ಚಿಕ್ಕಮಾದು ಅದಕ್ಕೂ ಹೂಂಗುಟ್ಟಿದ.

ಸೈಕಲ್ ಮನೆಗೆ ತಂದು ಡಿಸ್ಕ್ ಮುಟ್ಟಿ ನೋಡಿದಾಗ ಬೆರಳು ಜಾರಿತು. ಮೂಸಿದ. ಕೊಬ್ಬರಿ ಎಣ್ಣೆ. ಅಲ್ಲೇ ಕುಕ್ಕರಿಸಿದ. ಆಮೇಲೆ ಸೋಪು ಹಾಕಿ ತಿಕ್ಕಿ ತಿಕ್ಕಿ ತೊಳೆದ. ಯಾರಿಗೂ ಹೇಳಲಿಲ್ಲ.

ಈಗ ಶೃತಿ ಅದೇ ಅಂಗಡಿಯ ಮಾಲೀಕ ಪ್ರೇಮ್‌ಕುಮಾರನ ಮುಂದೆ ತಲೆ ತಗ್ಗಿಸಿ ನಿಂತಿದ್ದಳು.

"ರಿಮ್ ಬ್ರೇಕಿಂದೇ ಕೊಟ್ಬುಡಿ ಸಾ. ನಮ್ಮಪ್ಪ ಏಳಿದ್ದೇ ಸರಿ. ನಂಗೇನೂ ಗೊತ್ತಾಗಲ್ಲ."

"ಯಜಮಾನ್ರು ಅವತ್ತೇ ಅಂದ್ರಲ್ಲಮ್ಮ!" ಎಂದ ಪ್ರೇಮ್‌ಕುಮಾರ, ಚಿಕ್ಕಮಾದುವಿನತ್ತ ನೋಡಿ.

ಮಗಳ ಬಾಯಿಂದ ಈ ಮಾತನ್ನು ಕೇಳಲೆಂದೇ ಚಿಕ್ಕಮಾದು ಇಷ್ಟು ದಿನ ಕಾದಿದ್ದ. ಈಗ ಕೇಳಿದಾಗ ಕಿವಿಗೆ ಕಾದ ಎಣ್ಣೆ ಹುಯ್ದಂತಾಯಿತು.

"ಬಾಯ್ ಮುಚ್ಚೇ!" ಎಂದು ಅರಚಿದ. "ಎಣ್ಣೆ ಅಚ್ಚಿದ್ದು ನಾನು! ಅಬ್ಬದ್ ದಿನ, ಈ ತಟ್ಟೆಗೆ! ನಾನೇಯ!"

ಪ್ರೇಮ್‌ಕುಮಾರನಿಗೆ ನಗು ತಡೆಯಲಾಗಲಿಲ್ಲ. "ಬ್ರೇಕ್‌ಗೆ ಎಣ್ಣೆನಾ? ಒಗ್ಗರಣೆನೂ ಆಕ್ಬುಡ್ಬೇಕಿತ್ತು!" ಆಮೇಲೆ ಬ್ರೇಕ್ ಬಿಚ್ಚಿ ನೋಡಿದ. "ತಟ್ಟೆ ಇಡಿಯೋ ಪ್ಯಾಡ್ ಎಣ್ಣೆ ಕುಡ್ದದೆ. ಬೇರೆ ಆಕುದ್ರೆ ಡಿಸ್ಕ್ ಸರಿಯೋಯ್ತದೆ."

ಶೃತಿ ನಗಲಿಲ್ಲ. "ಯಾವಾಗ ಗೊತ್ತಾಯ್ತಪ್ಪ ನಿಂಗೆ?"

"ಅವತ್ತೇ. ನೀ ಬಿದ್ದ ದಿನ."

ಅವಳು ಪ್ರೇಮ್‌ಕುಮಾರನತ್ತ ತಿರುಗಿದಳು. "ಡಿಸ್ಕೇ ಇರ್ಲಿ ಸಾ," ಎಂದಳು. ತನ್ನನ್ನು ಒಂದೆರಡು ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಚಿಕ್ಕಮಾದುವಿಗೆ.

ಸಂಜೆ ಊರು ಬಂತು. ಕಟ್ಟೆಯ ಮೇಲೆ ಅದೇ ಜನ.

"ಏನ್ಲಾ ಮಾದ, ಕಿತ್ತಾಕ್ಸಿದ್ಯಾ ಡಿಸ್ಕಾ?" ಎಂದು ನಿಂಗರಾಜು ಕೂಗಿದ.

ಶೃತಿ ರಸ್ತೆಯನ್ನೇ ನೋಡುತ್ತಿದ್ದಳು. ಚಿಕ್ಕಮಾದು ಆಟೋ ನಿಲ್ಲಿಸಲು ಹೇಳಿ ಇಳಿದ. ಪಂಚೆ ಸರಿಮಾಡಿಕೊಂಡು ಕಟ್ಟೆಯ ಹತ್ತಿರ ಹೋದ.

"ಬ್ರೇಕ್ ಸರಿಯಾಗೇ ಇತ್ತು ಕಣ್ಲಾ," ಎಂದು ಶುರುಮಾಡಿದ.