ಬ್ಲೇಡನ್ನು ಮೊಂಡಾಗಿಸಿದ ಮರ

ಸೊಸೆಯ ಕೆಲಸ ಮರದ ಒಳಗಿನದು. ತುಂಡನ್ನು ಬೇಯಿಸಿ, ಕಾಗದಕ್ಕಿಂತ ತೆಳ್ಳಗೆ ಹೆರೆದು, ಕೆಂಪು ಬಣ್ಣ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡುವವಳು. ಮಾವ ಅವಳು ದುಡಿಯುವ ಸಸ್ಯ ಸಂಶೋಧನಾ ಸಂಸ್ಥೆಯಲ್ಲೇ ಎಲೆ, ಹೂವು ನೋಡಿ ಮರಗಳಿಗೆ ಹೆಸರಿಟ್ಟು ತಲೆ ಹಣ್ಣಾಗಿಸಿಕೊಂಡವರು. ನಿವೃತ್ತಿ ಹೆಸರಿಗಷ್ಟೇ, ಬೆಳಗಾದರೆ ಸೊಸೆಗಿಂತ ಮುಂಚೆ ಅಲ್ಲಿ ಹಾಜರು.

ಮಳೆಕಾಡಿನ ದಿಬ್ಬದ ಮರವೂ ತಗ್ಗಿನ ಮರವೂ ಒಂದೇ ಜಾತಿ ಎಂದು ಮಾವ ಪ್ರಾಯದಲ್ಲೇ ತೀರ್ಪು ಕೊಟ್ಟಿದ್ದರು. ಸೊಸೆಗೆ ಮಾತ್ರ ತಗ್ಗಿನದು ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಹೆರೆಯಲು ಬಂತು, ದಿಬ್ಬದ್ದು ಬ್ಲೇಡನ್ನೇ ಮೊಂಡು ಮಾಡಿತು. ಇಣುಕಿದರೆ ಅದರ ಜೀವಕೋಶಗಳಲ್ಲಿ ಗಾಜಿನಂಥ ಕಣಗಳು! ತಗ್ಗಿನ ಮರದಲ್ಲಿ ಹುಡುಕಿದರೂ ಒಂದಿಲ್ಲ.

ಊಟಕ್ಕೆ ಕೂತಾಗ ಅವಳು ಹೇಳಿಯೇಬಿಟ್ಟಳು: "ಮಾವ, ಅವೆರಡೂ ಬೇರೆ ಬೇರೆ ಜಾತಿ. ದಿಬ್ಬದ್ದರಲ್ಲಿ ಗಾಜಿನಂಥ ಕಣ ಇವೆ, ತಗ್ಗಿನದರಲ್ಲಿ ಒಂದೂ ಇಲ್ಲ."

"ಅದು ಮಣ್ಣಿನ ಗುಣ ಕಣಮ್ಮ. ಉಪ್ಪು ತಿಂದವನಿಗೆ ಬಾಯಾರಿತು ಅಂತ ಅವನ ಜಾತಿನೇ ಬೇರೆ ಅಂತೀಯಾ?"

ಗಂಡ ತಲೆ ಎತ್ತದೆ ಉಣ್ಣತೊಡಗಿದ.

"ಎರಡೂ ಒಂದೇ ಮಣ್ಣಲ್ಲಿ ಬೆಳೆದಿದ್ದು ತಂದ್ರೆ ಒಪ್ಕೋತೀರಾ?"

"ಒಪ್ದೇ ಏನು? ನಾನೇನು ಹಠಮಾರಿನಾ?"

ಅತ್ತೆಗೆ ಆಗಲೇ ಕೆಮ್ಮು ಬಂತು.

ಸೊಸೆ ಕಾಡು ಹೊಕ್ಕಳು. ಇಳಿಜಾರಿನ ನಡುವೆ, ಒರಟು ತೊಗಟೆಯ ದಿಬ್ಬದ ಮರಗಳೂ ನುಣುಪು ತೊಗಟೆಯ ತಗ್ಗಿನ ಮರಗಳೂ ಬೇರಿಗೆ ಬೇರು ಹೆಣೆದುಕೊಂಡು ನಿಂತ ಜಾಗ ಸಿಕ್ಕಿತು. ಒಂದೆರಡು ಮರ ನಂಬಿ ಕೆಡುವುದು ಬೇಡವೆಂದು ಹತ್ತಾರು ಕಾಂಡಗಳಿಂದ ತುಣುಕು ತೆಗೆದಳು.

ಹೆರೆದ ಪದರಗಳನ್ನು ಗುರುತು ಮುಚ್ಚಿ, ಕಲಸಿ ಮಾವನ ಮುಂದಿಟ್ಟಳು. "ನೀವೇ ವಿಂಗಡಿಸಿ."

ಮಾವ ಒಂದೊಂದನ್ನೂ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ನೋಡಿ, ಕಣ ಇದ್ದದ್ದು ಇತ್ತ, ಇಲ್ಲದ್ದು ಅತ್ತ ಇಟ್ಟರು. ಗುರುತು ತೆರೆದರೆ ಒಂದೂ ತಪ್ಪಿರಲಿಲ್ಲ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಗೆದ್ದೆನೆಂದು ಬೀಗುವುದು ಸೊಸೆಗೆ ಬೇಕಿರಲಿಲ್ಲ.

"ಒಣಗಿಸಿಟ್ಟ ಹೂವೆಲ್ಲ ತೆಗಿ," ಎಂದರು ಮಾವ. ಮಧ್ಯಾಹ್ನವಿಡೀ ಭೂತಗನ್ನಡಿ ಹಿಡಿದು ಕೂತವರು ಕೊನೆಗೆ ಕೂಗಿಕೊಂಡರು: "ಬಾ ಇಲ್ಲಿ! ದಿಬ್ಬದ ಹೂವಿನ ತೊಟ್ಟಲ್ಲಿ ಸಣ್ಣ ರೋಮ ಇದೆ, ತಗ್ಗಿನದು ಬೋಳು. ಇಷ್ಟು ವರ್ಷ ಕಣ್ಣೆದುರಿಗೇ ಇತ್ತಲ್ಲ!"

"ಹಾಗಾದ್ರೆ ಹೊಸ ಜಾತಿನೇ, ಅಲ್ವಾ ಮಾವ?"

"ಅನುಮಾನವೇ ಬೇಡ. ಮರದ ವಿವರ ನೀನು ಬರಿ, ಹೂವಿಂದು ನನಗೆ ಬಿಡು. ಹೆಸರಿಡೋದು ಮಾತ್ರ ನೀನೇ."

ಸೊಸೆ ಕುರ್ಚಿ ಎಳೆದು ಅವರ ಪಕ್ಕದಲ್ಲೇ ಕೂತಳು. ದೀಪ ಹಚ್ಚುವ ಹೊತ್ತಿಗೂ ಇಬ್ಬರೂ ಮನೆಗೆ ಬರಲಿಲ್ಲವೆಂದು ಅತ್ತೆಯೇ ಹುಡುಕಿಕೊಂಡು ಬರಬೇಕಾಯಿತು.