ಶನಿವಾರದ ಸರದಿ

ಪದ್ಮಾಕ್ಷಿ ತುಟಿಗೆ ಹಿಡಿದ ನೀರಿನ ಲೋಟವನ್ನು ಅಪೊಲಿನ್ ಬಾಯಿ ಕೈಯಿಂದ ದೂಡಿಬಿಟ್ಟರು. ನೀರು ಶವಪೆಟ್ಟಿಗೆಯ ಬಿಳಿ ಬಟ್ಟೆಯ ಮೇಲೆ ಚೆಲ್ಲಿತು.

"ಒಂದು ಗುಟುಕು ಕುಡಿಯಿರಿ ಬಾಯಮ್ಮ. ನಿನ್ನೆಯಿಂದ ಅತ್ತು ಅತ್ತು ಗಂಟಲು ಒಣಗಿದೆ."

"ಬೇಡ. ಕುಡಿದ ನೀರೆಲ್ಲ ಒಳಗೇ ನಿಲ್ತದೆ."

ಪಕ್ಕದ ಮನೆಯ ಪದ್ಮಾಕ್ಷಿಗೆ ಆಗ ನೆನಪಾಯಿತು, ಇಂದು ಶನಿವಾರ. ಅಪೊಲಿನ್ ಬಾಯಿಯ ಎರಡೂ ಕಿಡ್ನಿ ಕೆಟ್ಟು ನಾಲ್ಕು ವರ್ಷವಾಗಿತ್ತು. ಬುಧವಾರ, ಶನಿವಾರ ಬಂಟ್ವಾಳದ ಆಸ್ಪತ್ರೆಯಲ್ಲಿ ಡಯಾಲಿಸಿಸ್. ತಮ್ಮ ರಿಕ್ಷಾದಲ್ಲಿ ಕರೆದೊಯ್ಯುತ್ತಿದ್ದವರು ಗಂಡ ಸಿಪ್ರಿಯನ್. ನಿನ್ನೆ ಬೆಳಿಗ್ಗೆ ಅಂಗಳದಲ್ಲಿ ರಿಕ್ಷಾ ತೊಳೆಯುತ್ತಿದ್ದವರು ಕುಸಿದರು, ಮತ್ತೆ ಏಳಲಿಲ್ಲ. ಇಗರ್ಜಿಯ ಮರಣದ ಗಂಟೆ ಕೇಳಿದ ಸಿದ್ಧಕಟ್ಟೆಯ ಜನ, ಪಾಪ, ಅಪೊಲಿನ್ ಬಾಯಿ ಹೋದರು ಎಂದುಕೊಂಡು ಸಿಪ್ರಿಯನ್‌ರಿಗೆ ಸಮಾಧಾನ ಹೇಳಲು ಓಡಿ ಬಂದಿದ್ದರು. ಬಾಗಿಲಲ್ಲಿ ನಿಂತಿದ್ದವರು ಅಪೊಲಿನ್ ಬಾಯಿಯೇ.

ಚರ್ಚಿನಲ್ಲಿ ಅಂತ್ಯಪೂಜೆ ಇಂದು ಸಂಜೆ ನಾಲ್ಕಕ್ಕೆ. ಆಸ್ಪತ್ರೆಯ ಸರದಿ ಬೆಳಿಗ್ಗೆ ಹತ್ತಕ್ಕೆ.

"ಹೆಣ ಮನೆಯಲ್ಲಿಟ್ಟು ಹೆಂಡತಿ ಹೊರಗೆ ಹೋಗುವುದುಂಟಾ?" ಸಿಪ್ರಿಯನ್‌ರ ಅಕ್ಕ ಹಿಲ್ಡಾ ಬಾಯಿ ಸಿಡುಕಿದರು. "ಜನ ಏನು ಹೇಳಿಯಾರು?"

"ಹೇಳ್ಲಿ ಅಕ್ಕ," ರಿಕ್ಷಾ ಸ್ಟ್ಯಾಂಡಿನ ತುಕ್ರಪ್ಪ ಎಂದ. "ಜನರಿಗೆ ಎರಡೆರಡು ಕಿಡ್ನಿ ಉಂಟು. ಮಧ್ಯಾಹ್ನ ಮೂರರ ಒಳಗೆ ಬಾಯಮ್ಮನನ್ನು ಇಲ್ಲಿ ತಂದು ಬಿಡ್ತೇನೆ."

ಅಪೊಲಿನ್ ಬಾಯಿ ಅಲುಗಲಿಲ್ಲ. ಕಾಲು ಊದಿತ್ತು. ರಾತ್ರಿ ಮಲಗಿದರೆ ಉಸಿರು ಕಟ್ಟಿ, ಗೋಡೆಗೊರಗಿ ಕೂತೇ ಬೆಳಗು ಮಾಡಿದ್ದರು. ಈ ಸರದಿ ತಪ್ಪಿದರೆ ಏನಾಗುವುದೆಂದು ತಿಳಿದಿತ್ತು. ಹೋದರೆ ಮುಂದೇನೆಂದು ತಿಳಿದಿರಲಿಲ್ಲ.

"ಬುಧವಾರ ಯಾರು ಕರಕೊಂಡು ಹೋಗ್ತಾರೆ ತುಕ್ರಪ್ಪ? ಅದರ ಮುಂದಿನ ಶನಿವಾರ?"

ತುಕ್ರಪ್ಪ ಜೇಬಿನಿಂದ ರಿಕ್ಷಾದ ಕೀಲಿ ತೆಗೆದ. "ಇವತ್ತು ಹೋಗುವ ಬಾಯಮ್ಮ."

* * *

ನಾಲ್ಕು ವರ್ಷದ ಹಿಂದೆ ಮೊದಲ ಸಲ ಹೋದಾಗ ಅಪೊಲಿನ್ ಬಾಯಿ ಆಸ್ಪತ್ರೆಯ ಎದುರು ರಿಕ್ಷಾದ ಕಂಬಿ ಬಿಟ್ಟಿರಲಿಲ್ಲ.

"ನಾನು ಇಳಿಯುವುದಿಲ್ಲ. ಸತ್ತರೂ ಅಡ್ಡಿಯಿಲ್ಲ."

"ನನಗೂ ಹೆದರಿಕೆ ಉಂಟು ಮಾರಾಯ್ತಿ." ಸಿಪ್ರಿಯನ್ ಹೇಳಿದರು.

"ನಿಮಗೆ ದೇವರ ಮೇಲೆ ಅಷ್ಟು ನಂಬಿಕೆ ಉಂಟಲ್ಲ!"

"ಅದೂ ಉಂಟು, ಇದೂ ಉಂಟು. ಎರಡೂ ಒಂದೇ ಸೀಟಿನಲ್ಲಿ ಕೂತು ಬಂದಿವೆ." ಸಿಪ್ರಿಯನ್ ಕೈ ಚಾಚಿದರು. "ಯೇಸು ಸ್ವಾಮಿ ಪ್ರಾರ್ಥನೆಯಲ್ಲಿ ಇವತ್ತಿನ ರೊಟ್ಟಿ ಮಾತ್ರ ಕೇಳ್ಲಿಕ್ಕೆ ಕಲಿಸಿದ್ದು. ನಾಳೆಯದ್ದು ಕೇಳಿದ್ದುಂಟಾ? ಇಳಿ."

* * *

ಡಯಾಲಿಸಿಸ್ ಕೋಣೆಯ ನರ್ಸ್ ಶಹನಾಝ್ ಸಿಸ್ಟರ್ ಅಪೊಲಿನ್ ಬಾಯಿಯ ತೋಳಿಗೆ ಪಟ್ಟಿ ಬಿಗಿದಳು. ಸಿಪ್ರಿಯನ್‌ರ ಸುದ್ದಿಯನ್ನು ತುಕ್ರಪ್ಪ ಬಾಗಿಲಲ್ಲೇ ಹೇಳಿದ್ದ. ಮಂಚದ ಪಕ್ಕ ಸಿಪ್ರಿಯನ್ ಕೂರುತ್ತಿದ್ದ ಸ್ಟೂಲನ್ನು ಅವಳು ಸರಿಸಲಿಲ್ಲ.

"ಸೂಜಿ ಸ್ವಲ್ಪ ಹೊತ್ತು ಬಿಟ್ಟು ಹಾಕುವಾ ಅಮ್ಮ?"

"ಬೇಡ. ನಾಲ್ಕಕ್ಕೆ ಇಗರ್ಜಿಯಲ್ಲಿ ಇರಬೇಕು. ಚುಚ್ಚು ಮಗಾ."

ಅಪೊಲಿನ್ ಬಾಯಿಗೆ ಕಣ್ಣು ಮುಚ್ಚಬೇಕೆನಿಸಿತು, ಮುಚ್ಚಲಿಲ್ಲ. ಸೂಜಿ ಒಳಹೋಯಿತು. ನಳಿಕೆಯಲ್ಲಿ ರಕ್ತ ಮೆಲ್ಲನೆ ಮೇಲೇರಿ ಯಂತ್ರದ ಕಡೆಗೆ ಹರಿಯತೊಡಗಿತು. ಅದನ್ನೇ ನೋಡುತ್ತ ಅಪೊಲಿನ್ ಬಾಯಿ ಗಟ್ಟಿಯಾಗಿ ಪ್ರಾರ್ಥಿಸಿದರು:

"ಸ್ವಾಮಿ, ನನಗೆ ಹೆದರಿಕೆ ಆಗ್ತಾ ಉಂಟು. ಅದು ಇರಲಿ. ನಮ್ಮ ಇವರನ್ನು ನಿನ್ನ ಹತ್ತಿರ ಮಲಗಿಸು. ನನ್ನ ಉಸಿರು ಉಂಟಾ ಎಂದು ನೋಡ್ಲಿಕ್ಕೆ ನಾಲ್ಕು ವರ್ಷ ರಾತ್ರಿಯಿಡೀ ಎದ್ದೆದ್ದು ಇವರಿಗೆ ಸಾಕಾಗಿದೆ. ಇನ್ನು ಅದನ್ನು ನೀನು ನೋಡಿಕೋ. ಇವರು ನಿದ್ರೆ ಮಾಡಲಿ. ಆಮೆನ್."