ಬೋಣಿ ಆಗುವವರೆಗೆ

ನಾನು ಸೀರೆ ಅಂಗಡಿಯ ಒಂದು ಗೊಂಬೆ. ಹುಟ್ಟಿದ್ದು ಮುಂಬಯಿಯ ಕಾರ್ಖಾನೆಯೊಂದರ ಅಚ್ಚಿನಲ್ಲಿ. ಮೈ ಫೈಬರಿನದು, ನಗುವನ್ನು ಬ್ರಶ್ಶಿನಿಂದ ಬರೆದರು. ಮೊದಲು ಬೆಳಗಾವಿಯಲ್ಲಿ ಮೂರು ವರ್ಷ ಚೂಡಿದಾರ ತೊಟ್ಟು ನಿಂತೆ. ಆ ಅಂಗಡಿ ಮುಚ್ಚಿದಾಗ ಹುಬ್ಬಳ್ಳಿಯ ಗುರುಸಿದ್ಧಪ್ಪ ಸಾವಕಾರರು ನನ್ನನ್ನು ಕೊಂಡು ತಂದು ಗಾಜಿನ ಹಿಂದೆ ನಿಲ್ಲಿಸಿದರು.

ಅಲ್ಲಿ ನನಗೆ ಸೀರೆ ಉಡಿಸುವವಳು ಕಸ್ತೂರಿ. ಅವಳ ಕೈಗೆ ಸಿಕ್ಕ ಮೇಲೆಯೇ ನಾನು ಹೆಣ್ಣಾದೆ ಎನ್ನಬೇಕು. ಬಾಯಿ ಬಡಬಡ, ಕೈ ಸರಸರ. ಅತ್ತೆಯ ಮೇಲೆ ಸಿಟ್ಟು ಬಂದರೆ ನನ್ನ ಮುಂದೆ ಬೈಯುತ್ತಲೇ ನೆರಿಗೆ ಹಿಡಿಯುತ್ತಿದ್ದಳು. ಅವತ್ತಿನ ಸೆರಗು ಬೀಸಣಿಗೆಯಂತೆ ಬಿಚ್ಚಿಕೊಂಡು ನಿಲ್ಲುತ್ತಿತ್ತು. ಮಗಳು ಸಂಪದಾ ಶಾಲೆಯಲ್ಲಿ ಕುಣಿದ ಮರುದಿನ ನನಗೆ ಎರಡು ಸೀರೆ ಸುತ್ತಿ, ಎರಡೂ ಸೆರಗನ್ನು ಜಡೆಯಂತೆ ಹೆಣೆದಳು. ರಸ್ತೆಯಲ್ಲಿ ಜನ ನಿಂತು ನೋಡಿದರು. ನನಗೆ ಜಂಬ ಬಂದದ್ದು ಸುಳ್ಳಲ್ಲ.

ಆ ಸಂಪದಾ ಒಂಬತ್ತು ವರ್ಷಕ್ಕೇ ಜ್ವರದಲ್ಲಿ ತೀರಿಹೋದಳು. ಹದಿನೈದನೆಯ ದಿನ ಕಸ್ತೂರಿ ಕೆಲಸಕ್ಕೆ ಬಂದಳು. ಸಾವಕಾರರು ಕೆಟ್ಟವರಲ್ಲ, ಆದರೆ ಬೋಣಿಗೆ ಹೆದರುವವರು. ದಿನದ ಮೊದಲ ಗಿರಾಕಿಗೆ ಅಳುಮುಖ ಕಂಡರೆ ಇಡೀ ದಿನದ ವ್ಯಾಪಾರ ಕೆಡುತ್ತದೆ ಎಂಬುದು ಅವರ ನಂಬಿಕೆ.

"ಮನಿ ದುಃಖ ಮನ್ಯಾಗ ಬಿಟ್ಟು ಬಾರವಾ," ಎಂದರು. "ಇಲ್ಲೆ ನಗತಾ ಇರಬೇಕು."

"ಹೂಂ ರೀ," ಎಂದು ಕಸ್ತೂರಿ ನಕ್ಕಳು. ಅವತ್ತಿನಿಂದ ನನ್ನೊಂದಿಗೂ ಅವಳ ಮಾತು ನಿಂತಿತು. ಕೈಯೂ ಮಂಕಾಯಿತು. ದಿನವೂ ಅದೇ ನೆರಿಗೆ, ಅದೇ ಸೆರಗು.

ದೀಪಾವಳಿ ಬಂತು. ಹಬ್ಬಕ್ಕೆ ಗಾಜಿನೊಳಗೆ ಹೊಸ ಬಗೆಯ ಉಡಿಗೆ ಬೇಕು, ಆಗದಿದ್ದರೆ ಈ ಕೆಲಸ ಬೇರೆಯವರಿಗೆ ಎಂದು ಸಾವಕಾರರು ಹೇಳಿಬಿಟ್ಟಿದ್ದರು. ಬೆಳಿಗ್ಗೆ ಕಸ್ತೂರಿ ನನಗೆ ಮೂರು ಸಲ ಉಡಿಸಿದಳು, ಮೂರು ಸಲವೂ ಬಿಚ್ಚಿದಳು. ಕೊನೆಗೆ ಸಾವಕಾರರ ಮುಂದೆ ಹೋಗಿ ನಿಂತಳು.

"ಒಂದ ತಾಸು ಕೊಡ್ರಿ. ಒಳಗ ಹೋಗಿ ಅತ್ತು ಬರ್ತೇನ್ರಿ. ಆಮ್ಯಾಲೆ ಉಡಸ್ತೇನಿ."

ಸಾವಕಾರರು ಬಾಗಿಲ ಕಡೆ ನೋಡಿದರು. "ಬೋಣಿ ಆಗ್ಲಿ, ತಡಿಯವಾ."

ಬೋಣಿ ಆಯಿತು. ಅದರ ಹಿಂದೆಯೇ ಹಬ್ಬದ ಜನ ಮುಗಿಬಿದ್ದರು. ಕಸ್ತೂರಿ ನಗುತ್ತಾ ನಗುತ್ತಾ ಸೀರೆ ಬಿಚ್ಚಿ ತೋರಿಸಿದಳು. ಊಟದ ಹೊತ್ತಿಗೆ ಸಾವಕಾರರೇ ಕರೆದು, "ಹೋಗವಾ ಈಗ," ಎಂದರು. ಅವಳು ನನ್ನ ಹಿಂದೆ ಬಂದು ನನ್ನ ಬೆನ್ನಿಗೆ ಹಣೆ ಇಟ್ಟಳು. ಬಹಳ ಹೊತ್ತು ಹಾಗೇ ನಿಂತಳು.

"ಅಳೂ ಸೈತ ಬರವಲ್ದಲ್ಲೋ ಶಿವನ," ಎಂದಳು.

ನನ್ನಂಥ ಪೊಳ್ಳು ಮೈಗೂ ಸಂಕಟವಾಗುತ್ತದೆ ಎಂದು ನನಗೆ ಅಂದೇ ತಿಳಿದದ್ದು.

ಆ ಹಬ್ಬಕ್ಕೂ ಹಳೆಯ ನೆರಿಗೆಯೇ ಗತಿಯಾಯಿತು. ಮುಂದಿನ ವಾರ ನೆರಿಗೆ, ಸೆರಗು ಎಲ್ಲ ಹೊಲಿದೇ ಇರುವ ಸೀರೆಗಳು ಬಂದವು. ಅವನ್ನು ಯಾರು ಬೇಕಾದರೂ ತೊಡಿಸಬಹುದು. ಕಸ್ತೂರಿಯನ್ನು ಹಿಂದಿನ ಗೋದಾಮಿಗೆ, ಸೀರೆ ಮಡಿಸಲು ಹಾಕಿದರು.

ಎರಡು ವರ್ಷದ ಮೇಲೆ ಮುಂಗೈ ಮುರಿದು ನಾನೂ ಇಲ್ಲಿಗೇ ಬಂದೆ. ಮೂಲೆಗೊರಗಿ ದಿನವಿಡೀ ಅವಳನ್ನು ನೋಡುತ್ತೇನೆ. ಇಲ್ಲಿಗೆ ಗಿರಾಕಿಗಳು ಬರುವುದಿಲ್ಲ, ಸಾವಕಾರರೂ ಬರುವುದಿಲ್ಲ. ಯಾರೂ ಇಲ್ಲವಲ್ಲ, ಈಗಲಾದರೂ ಅತ್ತುಬಿಡು ತಾಯಿ ಎಂದು ಕೂಗಬೇಕೆನಿಸುತ್ತದೆ. ಅವಳು ಒಬ್ಬಳೇ ಕುಳಿತು ಸೀರೆ ಮಡಿಸುತ್ತಾಳೆ, ನಗುತ್ತಲೇ.